ದಡದ ಲೆಕ್ಕ
(ದತ್ತಿ ಉಪನ್ಯಾಸದ ಪಠ್ಯ)



ಆಮಂತ್ರಣ ಪತ್ರಿಕೆಯಲ್ಲಿ ನನ್ನ ವಿಷಯವನ್ನು ‘ಮೀನುಗಾರ ಮಹಿಳೆ ಮತ್ತು ಕಡಲ ಸಂರಕ್ಷಣೆ’ ಎಂದು ಅಚ್ಚು ಹಾಕಿಸಿದ್ದೀರಿ. ಇಂಥ ಶೀರ್ಷಿಕೆ ಸಿಕ್ಕರೆ ಭಾಷಣಕಾರನ ಕೆಲಸ ಬಹಳ ಹಗುರ. ಹೆಣ್ಣು ಪ್ರಕೃತಿಗೆ ಹತ್ತಿರ, ಆಕೆ ಕಡಲಮ್ಮನ ಮಗಳು, ಕಾಪಾಡುವುದು ಆಕೆಗೆ ಹುಟ್ಟುಗುಣ ಎಂದು ಮುಕ್ಕಾಲು ಗಂಟೆ ಹೊಗಳಿ, ಶಾಲು ಹೊದೆಸಿಕೊಂಡು ಮನೆಗೆ ಹೋಗಬಹುದು. ನನಗೆ ಆ ಮಾತಿನಲ್ಲಿ ನಂಬಿಕೆಯಿಲ್ಲ. ಮಾರ್ಕೆಟ್ಟಿನಲ್ಲಿ ಬೆಳಗಿನಿಂದ ಮೀನು ಕತ್ತರಿಸಿ ಕೈ ಮರಗಟ್ಟಿದ ಹೆಂಗಸಿಗೆ ಈ ಹೊಗಳಿಕೆಯಿಂದ ಒಂದು ಬ್ಲಾಕು ಐಸೂ ದಕ್ಕುವುದಿಲ್ಲ. ಆಕೆಗೆ ಇಲ್ಲದಿರುವುದು ಎರಡು: ಲೆಕ್ಕದಲ್ಲಿ ಜಾಗ, ನಿರ್ಧಾರದಲ್ಲಿ ಹಕ್ಕು. ಇವತ್ತು ನಾನು ಆಡಬೇಕೆಂದಿರುವುದು ಈ ಎರಡರ ಬಗ್ಗೆ.

ಕಡಲ ಸಂರಕ್ಷಣೆಯ ನಮ್ಮ ನಿಯಮಗಳನ್ನು ಒಮ್ಮೆ ಓದಿ ನೋಡಿ. 1986ರ ಕರ್ನಾಟಕ ಕಡಲ ಮೀನುಗಾರಿಕೆ ನಿಯಂತ್ರಣ ಕಾಯ್ದೆ, ಅದರಡಿ ಬಂದ ಆದೇಶಗಳು, ಕೇಂದ್ರದ ಸುತ್ತೋಲೆಗಳು, ಎಲ್ಲದರಲ್ಲೂ ಇರುವುದು ದೋಣಿ. ಎಂಜಿನ್ನಿಗೆ ಎಷ್ಟು ಅಶ್ವಶಕ್ತಿ, ಬಲೆಯ ಕಣ್ಣು ಎಷ್ಟು ಮಿಲಿಮೀಟರು, ದಡದಿಂದ ಎಷ್ಟು ದೂರ, ಬುಲ್ ಟ್ರಾಲಿಂಗ್ ಮಾಡಬಾರದು, ಎಲ್‌ಇಡಿ ದೀಪ ಹಚ್ಚಿ ಮೀನು ಸೆಳೆಯಬಾರದು. ಇವೆಲ್ಲ ಬೇಕಾದ ನಿಯಮಗಳೇ. ಸರಿಯಾಗಿ ಜಾರಿಯಾಗಿದ್ದರೆ ನಾವು ಇಂದು ಇಷ್ಟು ಗೋಳಾಡಬೇಕಿರಲಿಲ್ಲ. ಆದರೆ ಈ ಕಾಗದಗಳ ಮಟ್ಟಿಗೆ ಮೀನುಗಾರಿಕೆಯೆಂದರೆ ದೋಣಿ ಹೊರಟಲ್ಲಿಂದ ದೋಣಿ ತಿರುಗಿ ಬರುವ ತನಕ. ಆಮೇಲಿನದು ವ್ಯಾಪಾರ, ಅಡುಗೆ, ಮನೆಗೆಲಸ. ದೋಣಿ ಹತ್ತದೆ ಕೆಸರಿನಲ್ಲಿ ನಿಂತು ಹೆಕ್ಕುವುದಂತೂ ಯಾವ ಪಟ್ಟಿಗೂ ಸೇರುವುದಿಲ್ಲ.

ನಮ್ಮ ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಬಹಳಷ್ಟು ಮೀನು ಮೊಟ್ಟೆಯಿಡುವ ಕಾಲ, ಕಡಲೂ ಒರಟು, ನಿಷೇಧ ನ್ಯಾಯವಾದದ್ದೇ. ಹತ್ತು ಅಶ್ವಶಕ್ತಿಯೊಳಗಿನ ನಾಡದೋಣಿಗೆ ವಿನಾಯಿತಿಯಿದೆ. ದೋಣಿಯಲ್ಲಿ ಹೋಗುವವನಿಗೆ ಉಳಿತಾಯ ಮತ್ತು ಪರಿಹಾರ ಯೋಜನೆಯಿದೆ: ಅವನು ಒಂದಿಷ್ಟು ಕಟ್ಟಿದರೆ ಸರ್ಕಾರ ತನ್ನ ಪಾಲು ಸೇರಿಸಿ ಮಳೆಗಾಲದಲ್ಲಿ ಕೊಡುತ್ತದೆ. ಆ ಅರವತ್ತೊಂದು ದಿನ ಮೀನು ಮಾರುವ ಹೆಂಗಸು ಏನು ಮಾಡುತ್ತಾಳೆ? ಪೂರ್ವ ಕರಾವಳಿಯ ನಿಷೇಧ ಏಪ್ರಿಲ್ 15ಕ್ಕೆ ಶುರುವಾಗಿ ಜೂನ್ ನಡುವಿಗೆ ಮುಗಿಯುತ್ತದೆ. ಅಲ್ಲಿಂದ ಲಾರಿಯಲ್ಲಿ ಐಸು ತುಂಬಿ ಬರುವ ಮೀನನ್ನು ದುಬಾರಿ ಕೊಟ್ಟು ಕೊಳ್ಳುತ್ತಾಳೆ. ಇಲ್ಲವೇ ಬೇಸಿಗೆಯಲ್ಲಿ ಒಣಗಿಸಿಟ್ಟ ನಂಗು, ಗೋಲಾಯಿ, ಸಿಗಡಿಯನ್ನು ಸೇರಿನಲ್ಲಿ ಅಳೆದು ಮಾರುತ್ತಾಳೆ. ಎರಡೂ ಇಲ್ಲದವಳು ಸಾಲ ಮಾಡುತ್ತಾಳೆ. ನಿಷೇಧದ ಭಾರವನ್ನು ಇವಳೂ ಹೊತ್ತಿದ್ದಾಳೆ, ಹೊತ್ತಳೆಂದು ಬರೆದುಕೊಂಡವರಿಲ್ಲ.

ಇನ್ನೊಂದನ್ನೂ ಯಾರೂ ಬರೆದುಕೊಳ್ಳುವುದಿಲ್ಲ. ಮಂಗಳೂರಿನ ಕಡೆ ಯಾವುದೇ ಮಾರ್ಕೆಟ್ಟಿನಲ್ಲಿ ಅರ್ಧ ಗಂಟೆ ನಿಂತರೆ ಈ ಮಾತುಕತೆ ಕಿವಿಗೆ ಬೀಳುತ್ತದೆ.

“ಎಂತ ಅಮ್ಮ, ಬೂತಾಯಿ ಇಷ್ಟು ಸಣ್ಣ?”

“ಎಂತ ಮಾಡುದು ಅಕ್ಕ, ಈಗ ಬರುದೇ ಹೀಗೆ. ದೊಡ್ಡದು ಬೇಕಾದ್ರೆ ನಾಳೆ ಬನ್ನಿ, ಬಂದ್ರೆ ಇಡ್ತೇನೆ.”

ಈ ‘ಬಂದ್ರೆ’ಯಲ್ಲಿ ಒಂದು ಸಮೀಕ್ಷೆಯೇ ಇದೆ. ಯಾವ ತಿಂಗಳು ಯಾವ ಮೀನು ಬಂತು, ಎಷ್ಟುದ್ದದ್ದು ಬಂತು, ಹೊಟ್ಟೆಯಲ್ಲಿ ಮೊಟ್ಟೆ ಇತ್ತೋ ಇಲ್ಲವೋ, ಹಿಂದಿನ ವರ್ಷ ಬಂದದ್ದು ಈ ವರ್ಷ ಯಾಕೆ ಕಾಣುವುದಿಲ್ಲ, ಇವೆಲ್ಲ ಅವಳ ಕತ್ತಿಯ ಕೆಳಗೆ ಹಾದುಹೋಗುವ ಸಂಗತಿಗಳು. ದೋಣಿಯವನು ಟನ್ನಿನ ಲೆಕ್ಕದಲ್ಲಿ ನೋಡುತ್ತಾನೆ, ಇವಳು ಒಂದೊಂದೇ ಮೀನನ್ನು ಕೈಯಲ್ಲಿ ಹಿಡಿದು ನೋಡುತ್ತಾಳೆ. ನೂರು ರೂಪಾಯಿಗೆ ಎಷ್ಟು ಬಂಗುಡೆ ಕೊಡಬೇಕು ಎನ್ನುವುದು ಅವಳ ಹೊಟ್ಟೆಪಾಡಾದ್ದರಿಂದ ಮೀನಿನ ಗಾತ್ರ ಬೆರಳಿನಷ್ಟು ಇಳಿದರೂ ಅವಳಿಗೆ ಗೊತ್ತಾಗುತ್ತದೆ. ಕೇಂದ್ರ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಬಂದರಿನಲ್ಲಿ ನಿಂತು ಮಾದರಿ ಅಳೆಯುತ್ತಾರೆ, ಅದು ಗೌರವದ ಕೆಲಸ. ಬುಟ್ಟಿಯ ಪಕ್ಕದಲ್ಲೂ ಯಾರಾದರೂ ಒಂದು ಪುಸ್ತಕ ಹಿಡಿದು ಕೂತರೆ ಸಿಗುವ ಮಾಹಿತಿ ಬೇರೆಯೇ ಇರುತ್ತದೆ ಎನ್ನುವುದು ನನ್ನ ಅನಿಸಿಕೆ.

ಗಂಡು ಕಡಲಿಗೆ, ಹೆಣ್ಣು ದಡಕ್ಕೆ ಎಂಬ ಈ ಹಂಚಿಕೆ ಎಲ್ಲಿಂದ ಬಂತು? ಕಡಲಿನ ಅಪಾಯ, ಮಕ್ಕಳ ಲಾಲನೆ, ಮುಟ್ಟು-ಮೈಲಿಗೆಯ ಕಟ್ಟಳೆ ಎಂದು ಕಾರಣಗಳನ್ನು ಹೇಳುತ್ತಾರೆ. ತಕಳಿ ಶಿವಶಂಕರ ಪಿಳ್ಳೆಯವರು 1956ರಲ್ಲಿ ಬರೆದ ‘ಚೆಮ್ಮೀನ್’ ಕಾದಂಬರಿ ನಿಂತಿರುವುದೇ ಒಂದು ನಂಬಿಕೆಯ ಮೇಲೆ: ದಡದಲ್ಲಿರುವ ಹೆಂಡತಿ ಶೀಲವಂತೆಯಾಗಿದ್ದರೆ ಕಡಲಿಗೆ ಹೋದ ಗಂಡ ಕ್ಷೇಮವಾಗಿ ಬರುತ್ತಾನೆ. ಎಂಥ ಏರ್ಪಾಡು ನೋಡಿ! ಕಡಲಿಗೆ ಇಳಿಯುವ ಹಾಗಿಲ್ಲ, ಕಡಲಿನಲ್ಲಿ ಆಗುವ ಅನಾಹುತಕ್ಕೆ ಮಾತ್ರ ಅವಳೇ ಹೊಣೆ. ನಮ್ಮ ಮೊಗವೀರರಲ್ಲಿ ಅಳಿಯಸಂತಾನದ ಪದ್ಧತಿಯಿತ್ತು. ಮನೆ, ಆಸ್ತಿ ಹೆಣ್ಣಿನ ಕಡೆಯಿಂದ ಸಾಗುತ್ತಿತ್ತು, ಮೀನು ಮಾರಿದ ದುಡ್ಡು ಹೆಂಗಸರ ಕೈಯಲ್ಲಿ ಓಡಾಡುತ್ತಿತ್ತು. ಅಷ್ಟಿದ್ದೂ ನೂಲ ಹುಣ್ಣಿಮೆಯ ಸಮುದ್ರಪೂಜೆಗೆ ಹಾಲು, ತೆಂಗಿನಕಾಯಿ ಹಿಡಿದು ಮುಂದೆ ನಿಲ್ಲುವವರು ಗಂಡಸರು; ಬಂದರಿನ ಸಭೆಯಲ್ಲಿ ಕುರ್ಚಿಯಲ್ಲಿ ಕೂರುವವರೂ ಅವರೇ. ತಾಯಿಯ ಕಡೆಯ ವಂಶವೆಂದ ಮಾತ್ರಕ್ಕೆ ತಾಯಿಯ ಮಾತು ನಡೆಯಿತು ಎಂದುಕೊಳ್ಳಬೇಡಿ.

ಈ ಹಂಚಿಕೆ ಎಂದೂ ಒಂದೇ ತೆರನಾಗಿ ಇರಲಿಲ್ಲ. ಬಲೆ ಬದಲಾದಾಗ ಅದೂ ಬದಲಾಗಿದೆ. ರಂಪಣಿಯ ಕಾಲ ನೆನಪಿರುವ ಹಿರಿಯರು ಈ ಸಭೆಯಲ್ಲಿರಬಹುದು. ರಂಪಣಿ ಎಂದರೆ ಒಬ್ಬಿಬ್ಬರ ಬಲೆಯಲ್ಲ, ಊರಿನ ಬಲೆ. ದೋಣಿಯಲ್ಲಿ ಸುತ್ತು ಹಾಕಿ ಬಿಟ್ಟು, ಎರಡೂ ತುದಿಯನ್ನು ಹತ್ತಾರು ಜನ ಹಿಡಿದು ದಡಕ್ಕೆ ಎಳೆಯಬೇಕು. ಬಂಗುಡೆಯೋ ಬೂತಾಯಿಯೋ ಮರಳಿನ ಮೇಲೆ ರಾಶಿ ಬೀಳುತ್ತಿತ್ತು. ಊರಿನ ಹೆಂಗಸರು ಅಲ್ಲೇ ಕೊಂಡು, ಅಲ್ಲೇ ಬುಟ್ಟಿ ತುಂಬಿ, ಒಳನಾಡಿಗೆ ಹೊತ್ತು ಮಾರುತ್ತಿದ್ದರು. ಮಿಕ್ಕಿದ್ದಕ್ಕೆ ಉಪ್ಪು ಹಾಕುತ್ತಿದ್ದರು. 1970ರ ದಶಕದ ನಡುವಿನಲ್ಲಿ ಪರ್ಸೀನ್ ಬಲೆ ಬಂತು. ದಡದ ತನಕ ಬರಬೇಕಿದ್ದ ಮೀನಿನ ಹಿಂಡನ್ನು ಅದು ಕಡಲಿನಲ್ಲೇ ಸುತ್ತುವರಿದು ಎತ್ತಿತು. ಕೆಲವೇ ವರ್ಷಗಳಲ್ಲಿ ರಂಪಣಿ ಮೂಲೆ ಸೇರಿತು. ಗಲಾಟೆಗಳಾದವು, ಮೆರವಣಿಗೆಗಳಾದವು, ಅವು ರಂಪಣಿ ಎಳೆಯುವವರ ಮತ್ತು ಪರ್ಸೀನ್‌ನವರ ಜಗಳವೆಂದು ಇತಿಹಾಸದಲ್ಲಿ ದಾಖಲಾಗಿವೆ. ಅಷ್ಟು ಹೊತ್ತಿಗೆ ಮೀನು ಊರಿನ ಮರಳು ಬಿಟ್ಟು ಮಲ್ಪೆ, ಮಂಗಳೂರು, ಗಂಗೊಳ್ಳಿಯ ಬಂದರಿಗೆ ಹೋಗಿತ್ತು. ಬುಟ್ಟಿಯವಳು ಬೆಳಗಿನ ಜಾವ ಎದ್ದು ಬಸ್ಸು, ಟೆಂಪೋ ಹಿಡಿದು ಬಂದರಿಗೆ ಹೋಗಬೇಕಾಯಿತು. ಅಲ್ಲಿ ಏಲಂ ಕೂಗುವವರು ಗಂಡಸರು, ದೊಡ್ಡ ಲಾಟು ಹಿಡಿಯುವವರು ಐಸ್ ಗಾಡಿಯ ವ್ಯಾಪಾರಿಗಳು. ಮೂರು ನಾಲ್ಕು ಹೆಂಗಸರು ಕೂಡಿ ದುಡ್ಡು ಹಾಕಿ ಒಂದು ಲಾಟು ಹಿಡಿದು, ನೆಲದಲ್ಲೇ ಪಾಲು ಮಾಡಿಕೊಳ್ಳುವುದು ಅವರು ಕಂಡುಕೊಂಡ ಉಪಾಯ.

ಅದರ ಮೇಲೆ ಬಂದದ್ದು ಮೀನುಹುಡಿಯ ಕಾರ್ಖಾನೆಗಳು. ನಮ್ಮ ಕರಾವಳಿಯಲ್ಲಿ ಇವು ಕಡಿಮೆಯೇನಿಲ್ಲ. ಬೂತಾಯಿ ಅರೆದು ಹುಡಿ, ಎಣ್ಣೆ ಮಾಡಿ ಸಿಗಡಿ ಹೊಂಡಕ್ಕೂ ಕೋಳಿಗೂ ಕಳಿಸುತ್ತಾರೆ. ಕಾರ್ಖಾನೆಗೆ ಮೀನಿನ ಗಾತ್ರ ಮುಖ್ಯವಲ್ಲ, ತೂಕ ಮುಖ್ಯ. ಹಾಗಾಗಿ ತಿನ್ನಲು ಯೋಗ್ಯವಲ್ಲದ ಮರಿಮೀನಿಗೂ ಬೆಲೆ ಬಂತು. ಬೆಲೆ ಬಂದ ಮೇಲೆ ಹಿಡಿಯದೆ ಬಿಡುವವರು ಯಾರು? ಮರಿ ಹಿಡಿಯಬಾರದು ಎಂದು ದೋಣಿಯವರಿಗೆ ನಾವು ಬುದ್ಧಿ ಹೇಳುತ್ತೇವೆ. ಅಡುಗೆಮನೆಗೆ ಹೋಗುವ ಮೀನು ಕಾರ್ಖಾನೆಗೆ ಹೋಗುವ ಮೀನಿಗಿಂತ ದೊಡ್ಡದಾಗಿರಬೇಕು ಎಂದು ದಿನವೂ ಹಟ ಹಿಡಿಯುವ ಒಂದೇ ಒಂದು ವ್ಯಾಪಾರಿ ವರ್ಗವಿದೆ, ಅದು ಈ ಹೆಂಗಸರದ್ದು. ಅವರನ್ನು ನಾವು ಸಂರಕ್ಷಣೆಯ ಮಾತಿಗೆ ಕರೆದದ್ದು ಕಡಿಮೆ.

ಇನ್ನು ಅಘನಾಶಿನಿಗೆ ಬರೋಣ. ಇದರ ಬಗ್ಗೆ ಸ್ವಲ್ಪ ಹೆಚ್ಚು ಹೊತ್ತು ಮಾತಾಡುತ್ತೇನೆ, ಕ್ಷಮಿಸಬೇಕು. ಶಿರಸಿಯ ಶಂಕರಹೊಂಡದಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ ಧುಮುಕಿ, ಕುಮಟಾ ತಾಲ್ಲೂಕಿನ ತದಡಿಯ ಬಳಿ ಕಡಲು ಸೇರುವ ಈ ನದಿಗೆ ದಾರಿಯಲ್ಲಿ ದೊಡ್ಡ ಅಣೆಕಟ್ಟಿಲ್ಲ. ಘಟ್ಟದ ಸಿಹಿನೀರು, ಹೂಳು, ಕಡಲ ಉಪ್ಪುನೀರು ಮೂರೂ ತಮ್ಮ ಪಾಡಿಗೆ ತಾವು ಅಳಿವೆಯಲ್ಲಿ ಕೂಡುತ್ತವೆ. ಅದಕ್ಕೇ ಅಲ್ಲಿ ಕಾಂಡ್ಲಾ ಕಾಡು ಬೆಳೆಯುತ್ತದೆ, ಗಜನಿ ಬಯಲಿನಲ್ಲಿ ಉಪ್ಪುನೀರು ತಾಳಿಕೊಳ್ಳುವ ಕಗ್ಗ ಭತ್ತ ಬೆಳೆಯುತ್ತದೆ, ಮತ್ತು ಕೆಸರಿನಲ್ಲಿ ಚಿಪ್ಪಿನ ಜೀವಿಗಳು ಬೆಳೆಯುತ್ತವೆ. ಬಳಚು, ಬೆಳಚು ಎಂದೆಲ್ಲ ಕರೆಯುತ್ತಾರೆ. ಬಂಡೆಗಂಟಿದ ಕಲ್ವಾ ಬೇರೆ, ನೀಲಿಕಲ್ಲು ಬೇರೆ.

ಇಳಿತದಲ್ಲಿ ನೀರು ಸರಿದು ಕೆಸರುದಿಬ್ಬ ಮೇಲೆದ್ದ ಕೂಡಲೇ ಹೆಂಗಸರು ಸೀರೆ ಎತ್ತಿ ಕಟ್ಟಿ ಇಳಿಯುತ್ತಾರೆ. ಇಲ್ಲಿ ಕಣ್ಣಿಗಿಂತ ಅಂಗಾಲು ಹೆಚ್ಚು ಕೆಲಸ ಮಾಡುತ್ತದೆ. ಕಾಲನ್ನು ಒತ್ತಿ ಸರಿಸುತ್ತ ಹೋದಾಗ ಗಟ್ಟಿಯಾದದ್ದು ತಾಗಿದರೆ ಬಾಗಿ, ಬೆರಳು ಕೆಸರಿಗೆ ಹೊಗಿಸಿ ಎತ್ತುವುದು, ನೀರಿನಲ್ಲಿ ಜಾಲಿಸಿ ಬುಟ್ಟಿಗೆ ಹಾಕುವುದು. ಕಲ್ವದ ಚಿಪ್ಪು ಬ್ಲೇಡಿನಂತೆ. ಬೆರಳ ತುದಿ ಕೊಯ್ದು ಉಪ್ಪುನೀರು ಇಳಿದರೆ ರಾತ್ರಿ ನಿದ್ದೆಯಿಲ್ಲ. ಆಳದ ಜಾಗಕ್ಕೆ ಗಂಡಸರು ಸಣ್ಣ ದೋಣಿಯಲ್ಲಿ ಹೋಗಿ ಮುಳುಗಿ ತೆಗೆಯುತ್ತಾರೆ. ಅಂಬಿಗರು, ಹರಿಕಂತ್ರರು, ಹಾಲಕ್ಕಿಗಳು, ಇನ್ನೂ ಕೆಲವು ಸಮುದಾಯದವರು ಈ ಕೆಸರಿನ ಮೇಲೆ ಬದುಕಿದ್ದಾರೆ. ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು 2008ರ ಸುಮಾರಿಗೆ ಲೆಕ್ಕ ಹಾಕಿದಾಗ ವರ್ಷಕ್ಕೆ ಸುಮಾರು 22 ಸಾವಿರ ಟನ್ ಚಿಪ್ಪುಜೀವಿ ಇಲ್ಲಿಂದ ಏಳುತ್ತಿತ್ತು. ಅದರಿಂದ ನೇರವಾಗಿ ದುಡಿಯುವವರು 2,300ಕ್ಕೂ ಹೆಚ್ಚು. ಆ ಲೆಕ್ಕ ಬರುವ ತನಕ ಈ ಅಳಿವೆ ಸರ್ಕಾರದ ಕಣ್ಣಿಗೆ ಖಾಲಿ ಜಾಗವಾಗಿತ್ತು. ಖಾಲಿ ಜಾಗವೆಂದೇ ಅಲ್ಲಿ 4,000 ಮೆಗಾವಾಟಿನ ಉಷ್ಣ ವಿದ್ಯುತ್ ಸ್ಥಾವರದ ಪ್ರಸ್ತಾವ ಬಂತು, ಮುಂದೆ ಬಂದರಿನ ಪ್ರಸ್ತಾವ ಬಂತು. ಹೆಂಗಸರು ಅಂಗಾಲಿನಿಂದ ತಡಕಿ ತೆಗೆಯುವ ವಸ್ತುವಿಗೆ ಟನ್, ರೂಪಾಯಿಗಳ ಅಂಕಿ ಸಿಕ್ಕ ಮೇಲೆ ಇವನ್ನು ವಿರೋಧಿಸುವವರ ವಾದಕ್ಕೆ ತೂಕ ಬಂತು. 2024ರ ಜನವರಿ ಕೊನೆಗೆ ಅಘನಾಶಿನಿ ಅಳಿವೆಯ 4,801 ಹೆಕ್ಟೇರ್ ಅಂತರರಾಷ್ಟ್ರೀಯ ಮಹತ್ವದ ರಾಮ್ಸಾರ್ ಜೌಗುಪ್ರದೇಶವೆಂದು ಘೋಷಣೆಯಾಯಿತು.

ಇಷ್ಟು ಹೇಳಿ ಚಪ್ಪಾಳೆ ತಟ್ಟಿಸಿಕೊಳ್ಳಬಹುದಿತ್ತು. ಆದರೆ ಅದೇ ಅಳಿವೆಯಲ್ಲಿ ಬಳಚು ಮುಂದಿನ ವರ್ಷಗಳಲ್ಲಿ ಇಳಿಯುತ್ತ ಬಂತು. ಮರಳು ತೆಗೆದದ್ದು ಒಂದು ಕಾರಣ. ಹೊರಗಿನ ಲಾರಿಗಳು ಬಂದು ಗೋವಾಕ್ಕೆ, ಕೇರಳಕ್ಕೆ ಒಯ್ದದ್ದು, ಮರಿಯೆಂದು ನೋಡದೆ ಎತ್ತಿದ್ದು ಇನ್ನೊಂದು. ಎತ್ತಿದವರಲ್ಲಿ ಹೆಂಗಸರೂ ಇದ್ದರು. ಲಾರಿ ದಡದಲ್ಲಿ ನಿಂತು ಮೂಟೆಗೆ ಇಂತಿಷ್ಟು ಎಂದು ಕೈಯಲ್ಲಿ ನೋಟು ಹಿಡಿದಿರುವಾಗ, ಇದು ಸಣ್ಣದು, ಬಿಡು, ಬೆಳೆಯಲಿ ಎಂದು ತಿರುಗಿ ಹಾಕುವುದಕ್ಕೆ ನಾಳೆಯೂ ಈ ಕೆಸರು ತನ್ನದೇ ಎಂಬ ಭರವಸೆ ಬೇಕು. ನಾನು ಬಿಟ್ಟರೆ ಪಕ್ಕದವಳು ಎತ್ತುತ್ತಾಳೆ ಎಂದಾದರೆ ಯಾವ ಹೆಣ್ಣೂ ಬಿಡುವುದಿಲ್ಲ, ಯಾವ ಗಂಡೂ ಬಿಡುವುದಿಲ್ಲ. ಹುಟ್ಟುಗುಣದ ಮಾತನ್ನು ಶುರುವಿನಲ್ಲೇ ಪಕ್ಕಕ್ಕಿಟ್ಟದ್ದು ಇದಕ್ಕೇ.

ಇದೇ ಬಳಚಿಗೆ ಕೇರಳದ ಕೊಲ್ಲಂನ ಅಷ್ಟಮುಡಿ ಹಿನ್ನೀರಿನಲ್ಲಿ ಬೇರೆ ಕಥೆಯಿದೆ. ಅಲ್ಲಿ 1980ರ ದಶಕದಲ್ಲಿ ರಫ್ತಿನ ಹುಚ್ಚು ಹತ್ತಿ, 1990ರ ದಶಕದ ಆರಂಭದಲ್ಲಿ ಇಳುವರಿ ಕುಸಿದಾಗ ನಿಯಮ ಬಂತು: ಡಿಸೆಂಬರಿನಿಂದ ಫೆಬ್ರುವರಿ ತನಕ ತೆಗೆಯುವಂತಿಲ್ಲ, ಬಲೆಯ ಕಣ್ಣು 30 ಮಿಲಿಮೀಟರಿಗಿಂತ ಸಣ್ಣದಿರುವಂತಿಲ್ಲ. ಅಷ್ಟಮುಡಿಯ ಬಳಚು ಚೇತರಿಸಿಕೊಂಡಿತು; 2014ರಲ್ಲಿ ಮೆರೈನ್ ಸ್ಟೀವರ್ಡ್‌ಶಿಪ್ ಕೌನ್ಸಿಲಿನ ಪ್ರಮಾಣಪತ್ರ ಪಡೆದ ಭಾರತದ ಮೊದಲ ಮೀನುಗಾರಿಕೆ ಎನಿಸಿತು. ಸಂತೋಷ. ಅಲ್ಲಿ ನೀರಿಗಿಳಿದು ತೆಗೆಯುವವರು ಬಹುಪಾಲು ಗಂಡಸರು. ಬೇಯಿಸಿ, ಮಾಂಸ ಬಿಡಿಸಿ, ತೊಳೆಯುವವರು ಮನೆಯ ಹೆಂಗಸರು. ಪ್ರಮಾಣಪತ್ರ ಕೊಡುವವರು ಪರೀಕ್ಷಿಸುವುದು ಮುಖ್ಯವಾಗಿ ತೆಗೆಯುವ ಕ್ರಮವನ್ನು. ಹಂಡೆಯ ಮುಂದೆ ಹೊಗೆ ಕುಡಿಯುತ್ತ ಕೂತವಳ ಕೂಲಿ ಆ ಪರೀಕ್ಷೆಯ ಪ್ರಶ್ನೆಪತ್ರಿಕೆಯಲ್ಲಿ ಬರುವುದಿಲ್ಲ.

ಮನ್ನಾರ್ ಕೊಲ್ಲಿಯ ಹೆಂಗಸರ ವಿಷಯ ಇನ್ನೊಂದು ಬಗೆಯದು. ರಾಮೇಶ್ವರದ ಸುತ್ತಮುತ್ತ ಕಡಲಿಗೆ ಮುಳುಗಿ ಪಾಚಿ ಕೀಳುವವರು ಅವರು. ದಡದ ಕೆಲಸ ಹೆಣ್ಣಿನದು ಎಂಬ ನಮ್ಮ ಸೂತ್ರ ಅಲ್ಲಿ ಮುರಿದು ಬೀಳುತ್ತದೆ. ಕಣ್ಣಿಗೆ ಕನ್ನಡಕ ಕಟ್ಟಿ, ಬೆರಳಿಗೆ ಬಟ್ಟೆಯ ಪಟ್ಟಿ ಸುತ್ತಿ, ಬಂಡೆಯ ಅಂಚಿನಲ್ಲಿ ಉಸಿರು ಹಿಡಿದು ಕೆಲಸ. 1986ರಲ್ಲಿ 21 ದ್ವೀಪಗಳನ್ನು ಸೇರಿಸಿ ಕಡಲ ರಾಷ್ಟ್ರೀಯ ಉದ್ಯಾನ ಮಾಡಿದರು. ನಂತರ ಕಾವಲು ಬಿಗಿಯಾಯಿತು. ತಲೆಮಾರುಗಳಿಂದ ಹೋಗುತ್ತಿದ್ದ ದ್ವೀಪದ ನೀರಿಗೆ ಹೋದರೆ ಅತಿಕ್ರಮಣ, ದಂಡ. ಅವರು ಜಗಳವಾಡಿದರು, ಜೊತೆಗೆ ತಾವೇ ಕಟ್ಟಳೆ ಮಾಡಿಕೊಂಡರು: ತಿಂಗಳಿಗೆ 12 ದಿನ ಮಾತ್ರ ಇಳಿಯುವುದು, ಕಬ್ಬಿಣದ ಕೆರೆಯುವ ಸಾಮಾನು ಬಳಸದೆ ಕೈಯಲ್ಲೇ ಕೀಳುವುದು, ವರ್ಷದಲ್ಲಿ ಸ್ವಲ್ಪ ಕಾಲ ಪೂರ್ತಿ ನಿಲ್ಲಿಸುವುದು. ಈ ಕಟ್ಟಳೆಗೂ ಹಕ್ಕಿನ ಹೋರಾಟಕ್ಕೂ ಮುಂದೆ ನಿಂತ ಚಿನ್ನಪಾಲಂನ ಲಕ್ಷ್ಮಿ ಮೂರ್ತಿ ಅವರಿಗೆ 2015ರಲ್ಲಿ ಸೀಕಾಲಜಿ ಪ್ರಶಸ್ತಿ ಬಂತು.

ಅದೇ ಕೊಲ್ಲಿಯಲ್ಲಿ, ಹೆಂಗಸರಿಗೆ ಬದಲಿ ಉದ್ಯೋಗವೆಂದು, ಹೊರದೇಶದ ಕಪ್ಪಾಫೈಕಸ್ ಪಾಚಿಯನ್ನು ತೆಪ್ಪಕ್ಕೆ ಕಟ್ಟಿ ಬೆಳೆಸುವ ಯೋಜನೆಯೂ ಬಂತು. ಸ್ವಸಹಾಯ ಸಂಘ, ಸಾಲ, ಸಹಾಯಧನ, ಫೋಟೋ ಎಲ್ಲ ಚೆಂದವಾಗಿತ್ತು. 2008ರಲ್ಲಿ ಆ ಪಾಚಿ ಕುರುಸಡೈ ದ್ವೀಪದ ಹವಳದ ಮೇಲೆ ಹಬ್ಬಿರುವುದನ್ನು ವಿಜ್ಞಾನಿಗಳು ವರದಿ ಮಾಡಿದರು. ಸ್ಥಳೀಯ ಪಾಚಿಯನ್ನು ಕೈಯಲ್ಲಿ ಕೀಳುವವಳು ಅತಿಕ್ರಮಣ ಮಾಡಿದವಳು, ಹವಳವನ್ನು ಮುಚ್ಚಿಹಾಕುವ ಪಾಚಿ ಬೆಳೆಸುವ ಯೋಜನೆ ಮಹಿಳಾ ಸಬಲೀಕರಣ! ನಮ್ಮ ಇಲಾಖೆಗಳು ಒಂದರ ಕಡತವನ್ನು ಇನ್ನೊಂದು ಓದುವುದಿಲ್ಲ ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಡ.

ದೂರದ ಒಂದು ಉದಾಹರಣೆ ಹೇಳಿ ಮುಂದೆ ಹೋಗುತ್ತೇನೆ. ಮಡಗಾಸ್ಕರಿನ ನೈಋತ್ಯ ಕರಾವಳಿಯ ಅಂಡವಡೋಕ ಎಂಬ ಹಳ್ಳಿಯಲ್ಲಿ ವೇಜೋ ಜನ 2004ರ ನವೆಂಬರಿನಲ್ಲಿ ಒಂದು ಹವಳದಿಬ್ಬವನ್ನು ಏಳು ತಿಂಗಳು ಮುಚ್ಚಿದರು. ಅಲ್ಲಿ ಇಳಿತದಲ್ಲಿ ಈಟಿ ಹಿಡಿದು ನಡೆದು ಆಕ್ಟೋಪಸ್ ಹಿಡಿಯುವುದು ಬಹುಮಟ್ಟಿಗೆ ಹೆಂಗಸರ ಕೆಲಸ. ಆಕ್ಟೋಪಸ್ ಬಹಳ ಬೇಗ ಬೆಳೆಯುವ ಪ್ರಾಣಿ, ತಿಂಗಳುಗಟ್ಟಲೆ ಬಿಟ್ಟರೆ ತೂಕ ಕಣ್ಣಿಗೆ ಕಾಣುವಷ್ಟು ಏರುತ್ತದೆ. ದಿಬ್ಬ ತೆರೆದ ದಿನ ದೊಡ್ಡ ದೊಡ್ಡವು ಸಿಕ್ಕವು. ಸುದ್ದಿ ಹಬ್ಬಿ ಸುತ್ತಲಿನ ಹಳ್ಳಿಗಳೂ ಇದನ್ನೇ ಮಾಡಿದವು. ಇದು ಜಗತ್ತಿನಾದ್ಯಂತ ಸಂರಕ್ಷಣೆಯ ಪಾಠವಾಗಿ ಪ್ರಸಿದ್ಧಿ ಪಡೆಯಿತು. ಪಾಠದಲ್ಲಿ ಕಡಿಮೆ ಹೇಳುವ ಭಾಗವೊಂದಿದೆ. ಮುಚ್ಚಿದ ತಿಂಗಳುಗಳಲ್ಲಿ ಬೇರೆ ಕಡೆಗೆ ದೋಣಿಯಲ್ಲಿ ಹೋಗುವ ಅನುಕೂಲ ಇದ್ದದ್ದು ಗಂಡಸರಿಗೆ; ತೆರೆದ ದಿನ ಆಳಕ್ಕೆ ಮುಳುಗಿ ದೊಡ್ಡದನ್ನು ಎತ್ತಲು ಬಂದವರಲ್ಲೂ ಅವರಿದ್ದರು. ಯಾವ ದಿಬ್ಬ ಮುಚ್ಚಬೇಕು, ಎಂದು ತೆರೆಯಬೇಕು ಎಂದು ತೀರ್ಮಾನಿಸುವ ಸಮಿತಿಯಲ್ಲಿ ಆರಂಭದಲ್ಲಿ ಹೆಂಗಸರು ವಿರಳ. ಕಾಯ್ದವರು ಒಬ್ಬರು, ಕೊಯ್ದವರು ಇನ್ನೊಬ್ಬರು ಆಗಬಾರದು ಎಂದರೆ ಕಾಯುವ ಮೊದಲೇ ಪಾಲಿನ ಮಾತು ಆಗಿರಬೇಕು.

ಲೆಕ್ಕದ ವಿಷಯ ಎತ್ತಿದ್ದೆ. ಫಿಲಿಪ್ಪೀನ್ಸಿನ ಡನಾಜಾನ್ ಹವಳದಂಡೆಯಲ್ಲಿ ನಡೆದು 2014ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ದಡದಲ್ಲಿ ಹೆಕ್ಕುವವರನ್ನೂ ಮೀನುಗಾರರೆಂದು ಎಣಿಸಿದಾಗ, ಹಿಡಿದ ಒಟ್ಟು ತೂಕದ ಸುಮಾರು ಕಾಲುಭಾಗ ಹೆಂಗಸರದ್ದೆಂದು ಕಂಡಿತು. ಅಷ್ಟನ್ನು ಬಿಟ್ಟು ‘ಇಷ್ಟೇ ಹಿಡಿಯುತ್ತಿದ್ದಾರೆ, ಇನ್ನೂ ಹಿಡಿಯಬಹುದು’ ಎಂದು ಹೇಳುವ ವಿಜ್ಞಾನ ಎಷ್ಟರ ಮಟ್ಟಿಗೆ ವಿಜ್ಞಾನ? ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಇತರರೊಂದಿಗೆ 2023ರಲ್ಲಿ ಹೊರತಂದ ವರದಿಯ ಪ್ರಕಾರ ಜಗತ್ತಿನ ಮೀನುಹಿಡಿತದಲ್ಲಿ ಕಡಿಮೆಯೆಂದರೂ ಶೇ. 40ರಷ್ಟು ಸಣ್ಣ ಪ್ರಮಾಣದ ಮೀನುಗಾರಿಕೆಯದು, ಆ ರಂಗದಲ್ಲಿ ದುಡಿಯುವ ಹತ್ತು ಜನರಲ್ಲಿ ನಾಲ್ವರು ಹೆಂಗಸರು. ನಮ್ಮ ದೇಶದ ಕಡಲ ಮೀನುಗಾರರ ಗಣತಿಯಲ್ಲಿ ಹೆಂಗಸರು ಇಲ್ಲವೆಂದಲ್ಲ. ಮಾರಾಟ, ಒಣಗಿಸುವುದು, ಸಿಪ್ಪೆ ಸುಲಿಯುವುದು ಎಂದು ‘ಪೂರಕ ಚಟುವಟಿಕೆ’ಗಳ ಕಾಲಮ್ಮಿನಲ್ಲಿ ಇದ್ದಾರೆ. ಆದರೆ ‘ಸಕ್ರಿಯ ಮೀನುಗಾರ’ ಎಂಬ ಕಾಲಮ್ಮಿನ ಸುತ್ತಲೇ ಯೋಜನೆಗಳು ಸುತ್ತುತ್ತವೆ. ಬೆಳಗಿನ ನಾಲ್ಕಕ್ಕೆ ಎದ್ದು ರಾತ್ರಿ ಏಳಕ್ಕೆ ಬುಟ್ಟಿ ತೊಳೆದಿಡುವವಳು ಸಕ್ರಿಯಳಲ್ಲದಿದ್ದರೆ ಇನ್ನಾರು?

ಇದೇ ಆಹಾರ ಮತ್ತು ಕೃಷಿ ಸಂಸ್ಥೆ 2014ರ ಜೂನ್‌ನಲ್ಲಿ ಸಣ್ಣ ಮೀನುಗಾರಿಕೆಗೆಂದೇ ಸ್ವಯಂಪ್ರೇರಿತ ಮಾರ್ಗಸೂಚಿಗಳನ್ನು ಒಪ್ಪಿತು. ಲಿಂಗ ಸಮಾನತೆಗೆ ಅದರಲ್ಲೊಂದು ಪ್ರತ್ಯೇಕ ಅಧ್ಯಾಯವಿದೆ. ಅದು ತಾನಾಗಿ ಬಂದದ್ದಲ್ಲ. ಚೆನ್ನೈಯಲ್ಲಿ ಕಚೇರಿಯಿರುವ ಅಂತರರಾಷ್ಟ್ರೀಯ ಮೀನುಕಾರ್ಮಿಕರ ಬೆಂಬಲ ಒಕ್ಕೂಟದ ಚಂದ್ರಿಕಾ ಶರ್ಮಾ ಮತ್ತು ಅವರ ಸಂಗಾತಿಗಳು ವರ್ಷಗಟ್ಟಲೆ ಹಟ ಹಿಡಿದು ಒಳಗೆ ತಂದದ್ದು. ಮಾರ್ಗಸೂಚಿಗೆ ಒಪ್ಪಿಗೆ ಸಿಗುವುದಕ್ಕೆ ಮೂರು ತಿಂಗಳ ಮೊದಲು, ಮಂಗೋಲಿಯಾದಲ್ಲಿದ್ದ ಆಹಾರ ಮತ್ತು ಕೃಷಿ ಸಂಸ್ಥೆಯ ಸಭೆಗೆಂದು ಹೊರಟ ಚಂದ್ರಿಕಾ ಎಂಎಚ್370 ವಿಮಾನದಲ್ಲಿದ್ದರು. ಆ ವಿಮಾನ ಮತ್ತೆ ಕಾಣಲಿಲ್ಲ. ಮಾರ್ಗಸೂಚಿಗಳನ್ನು ಅವರ ನೆನಪಿಗೆ ಅರ್ಪಿಸಿದ್ದಾರೆ. ಮೀನುಗಾರಿಕೆ ಕಲಿಸುವ ನಮ್ಮ ಕಾಲೇಜುಗಳ ಮಕ್ಕಳು ಈ ಹೆಸರನ್ನು ಪರೀಕ್ಷೆಗಾಗಿಯಾದರೂ ಕಲಿಯಲಿ.

ಮಾರ್ಗಸೂಚಿ ರೋಮಿನಲ್ಲಿ, ಮರಳು ಹೊನ್ನಾವರದಲ್ಲಿ. ಶರಾವತಿ ಕಡಲು ಸೇರುವ ಕಾಸರಕೋಡಿನ ಟೊಂಕಕ್ಕೆ ಹೋದರೆ ಮೀನು ಒಣಹಾಕಿದ ಮರಳ ಬಯಲು ಕಾಣುತ್ತದೆ. ಬೆಳಿಗ್ಗೆ ಹರಡುವುದು, ಮಧ್ಯಾಹ್ನ ಮಗುಚುವುದು, ಕಾಗೆ-ನಾಯಿ ಕಾಯುವುದು, ಸಂಜೆ ರಾಶಿ ಮಾಡಿ ಮುಚ್ಚುವುದು, ಎಲ್ಲ ಹೆಂಗಸರದ್ದು. ಚಳಿಗಾಲದ ರಾತ್ರಿಗಳಲ್ಲಿ ಅದೇ ಮರಳಿಗೆ ಆಲಿವ್ ರಿಡ್ಲಿ ಕಡಲಾಮೆ ಬಂದು ಮೊಟ್ಟೆಯಿಟ್ಟು ಹೋಗುತ್ತದೆ. ಒಣಮೀನಿಗೂ ಆಮೆಗೂ ಬೇಕಾದದ್ದು ಒಂದೇ: ಕಟ್ಟಡವಿಲ್ಲದ, ರಸ್ತೆಯಿಲ್ಲದ, ಬಿಸಿಲು ಬೀಳುವ ಬರಿಮರಳು. ಅಲ್ಲಿ ಖಾಸಗಿ ಬಂದರು ಬರುತ್ತದೆಂದಾಗ ರಸ್ತೆಗೆ ಅಡ್ಡ ನಿಂತವರಲ್ಲಿ ಹೆಂಗಸರು ಮುಂದಿದ್ದರು. ಅವರು ಆಮೆಗಾಗಿ ನಿಂತರೋ ಒಣಮೀನಿಗಾಗಿ ನಿಂತರೋ ಎಂದು ಪೇಟೆಯ ಕೆಲವರು ಕೇಳಿದರು. ಪ್ರಶ್ನೆಯೇ ಅಸಂಬದ್ಧ. ತನ್ನ ಅನ್ನ ಮತ್ತು ಆಮೆಯ ಮೊಟ್ಟೆ ಒಂದೇ ಮರಳಿನಲ್ಲಿರುವಾಗ ಆಕೆ ಯಾಕೆ ಆರಿಸಿಕೊಳ್ಳಬೇಕು? 2011ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಮೀನು ಒಣಗಿಸುವ ಜಾಗ, ಮೀನುಗಾರರ ಸಾಮೂಹಿಕ ಸ್ವತ್ತುಗಳನ್ನು ನಕ್ಷೆಯಲ್ಲಿ ಗುರುತಿಸಬೇಕು ಎಂದಿತ್ತು. ನಿಮ್ಮ ಊರಿನ ನಕ್ಷೆ ತರಿಸಿ ನೋಡಿ, ಎಷ್ಟು ಗುರುತಾಗಿದೆ ಎಂದು. ನಕ್ಷೆಯಲ್ಲಿ ಇಲ್ಲದ ಒಣಮೀನಿನ ಕಣ ಕಾನೂನಿಗೆ ಬರೀ ಪಾಳುಮರಳು.

ಏನು ಮಾಡಬೇಕು ಎಂದು ಕೇಳುತ್ತೀರಿ. ದೊಡ್ಡ ಯೋಜನೆಗಳ ಬಗ್ಗೆ ನನಗೆ ಹೇಳಲಿಕ್ಕಿಲ್ಲ. ಮೀನುಗಾರ ಮಹಿಳೆಯರ ಬಡ್ಡಿರಹಿತ ಸಾಲದ ಮಿತಿಯನ್ನು 2023ರ ರಾಜ್ಯ ಬಜೆಟ್ಟಿನಲ್ಲಿ 50 ಸಾವಿರದಿಂದ 3 ಲಕ್ಷಕ್ಕೆ ಏರಿಸಿದರು; ಒಳ್ಳೆಯದು. ಆದರೆ ಸಾಲ ಹಕ್ಕಲ್ಲ. ಹಕ್ಕಿನ ಮಾತಿಗೆ ಒಂದು ಕಾನೂನು ಈಗಾಗಲೇ ಕೈಯಲ್ಲಿದೆ. 2002ರ ಜೀವವೈವಿಧ್ಯ ಕಾಯ್ದೆ ಪ್ರತಿ ಪಂಚಾಯಿತಿಗೂ ಒಂದು ನಿರ್ವಹಣಾ ಸಮಿತಿ ಬೇಕೆನ್ನುತ್ತದೆ; 2004ರ ನಿಯಮಗಳು ಅದರಲ್ಲಿ ಮೂರನೇ ಒಂದಕ್ಕಿಂತ ಕಡಿಮೆಯಿಲ್ಲದಂತೆ ಹೆಂಗಸರಿರಬೇಕು ಎಂದವು. ತನ್ನ ವ್ಯಾಪ್ತಿಯಿಂದ ವ್ಯಾಪಾರಕ್ಕೆಂದು ಜೀವಸಂಪತ್ತು ಒಯ್ಯುವವರಿಂದ ಶುಲ್ಕ ವಸೂಲಿ ಮಾಡುವ ಅಧಿಕಾರವನ್ನು ಮೂಲ ಕಾಯ್ದೆಯೇ ಆ ಸಮಿತಿಗೆ ಕೊಟ್ಟಿತು. ಅಂದರೆ ಅಘನಾಶಿನಿಯ ದಡದಲ್ಲಿ ನಿಂತ ಲಾರಿಯವನನ್ನು ನಿಲ್ಲಿಸಿ, ಎಷ್ಟು ಮೂಟೆ, ಯಾವ ಗಾತ್ರದ್ದು, ತೋರಿಸು ಎಂದು ಕೇಳಲು ಹೊಸ ಕಾನೂನು ಬೇಕಿಲ್ಲ. ಕೇಳುವ ಜಾಗದಲ್ಲಿ ಬಳಚು ಹೆಕ್ಕುವವಳು ಇರಬೇಕು. ಸಮಿತಿಯಲ್ಲಿ ಹೆಂಗಸು ಬೇಕೆಂದು ಸದಸ್ಯನೊಬ್ಬನ ಹೆಂಡತಿಯ ಹೆಸರು ಬರೆದು, ಸಹಿ ಮನೆಗೇ ತರಿಸಿಕೊಳ್ಳುವ ನಮ್ಮ ಹಳೆಯ ಚಾಳಿ ಇಲ್ಲಿ ನಡೆಯಬಾರದು.

ಅಘನಾಶಿನಿಗೆ ರಾಮ್ಸಾರ್ ಪಟ್ಟ ಬಂದ ಮೇಲೆ ನಿರ್ವಹಣಾ ಯೋಜನೆ ಆಗಬೇಕು, ಅದಕ್ಕಾಗಿ ಊರೂರಿನಲ್ಲಿ ಸಭೆ ಕರೆಯಬೇಕು. ಇಂಥ ಸಭೆಗಳನ್ನು ಸಾಮಾನ್ಯವಾಗಿ ಬೆಳಿಗ್ಗೆ ಹನ್ನೊಂದಕ್ಕೆ ಇಡುತ್ತಾರೆ, ಅಧಿಕಾರಿಗಳು ಕಾರವಾರದಿಂದಲೋ ಬೆಂಗಳೂರಿನಿಂದಲೋ ಬಂದು ತಲುಪುವ ಹೊತ್ತು ಅದು. ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಇಳಿತ, ಪ್ರತಿದಿನ ಮುಕ್ಕಾಲು ಗಂಟೆಗೂ ಮಿಕ್ಕಿ ಮುಂದಕ್ಕೆ ಹೋಗುತ್ತದೆ. ಹನ್ನೊಂದಕ್ಕೆ ಇಳಿತವಿದ್ದ ದಿನ ಬಳಚಿನವರು ಕೆಸರಿನಲ್ಲಿರುತ್ತಾರೆ. ಸಭೆಗೆ ಬರುವವರು ದೋಣಿ ಮಾಲೀಕರು, ಗುತ್ತಿಗೆದಾರರು, ಪಂಚಾಯಿತಿ ಸದಸ್ಯರು ಮತ್ತು ನನ್ನಂಥ ಭಾಷಣಕಾರರು. ಹಾಜರಿ ಪುಸ್ತಕದಲ್ಲಿ ‘ಮಹಿಳೆಯರು ಆಸಕ್ತಿ ತೋರಲಿಲ್ಲ’ ಎಂದು ಬರೆಯುವುದು ಸುಲಭ. ಉಬ್ಬರವಿಳಿತದ ಪಟ್ಟಿ ಪಂಚಾಂಗದಷ್ಟೇ ಸುಲಭವಾಗಿ ಸಿಗುತ್ತದೆ, ಮೊಬೈಲಿನಲ್ಲೂ ಇದೆ. ಅಳಿವೆಯ ದಡದ ದಿವಗಿಯಲ್ಲೋ ಮಾಸೂರಿನಲ್ಲೋ ಮುಂದಿನ ಸಭೆಯ ನೋಟೀಸು ಬರೆಯುವವರು ಮೊದಲು ಆ ಪಟ್ಟಿ ತೆಗೆದು, ಭರತ ಏರಿದ ಹೊತ್ತು ನೋಡಿ ಸಮಯ ಹಾಕಲಿ ಎಂದು ಇಲ್ಲಿರುವ ಇಲಾಖೆಯ ಮಿತ್ರರಲ್ಲಿ ಕೇಳಿಕೊಳ್ಳುತ್ತೇನೆ.